ತುದಿಗಾಲಲ್ಲಿ ಕೊಟ್ಟ ಅಳತೆ

ಹಿರಿಯ ನೆಗೆಣ್ಣಿ ಗೌರಕ್ಕನಿಗೆ, ಸಣ್ಣ ನೆಗೆಣ್ಣಿ ಸುಮಿತ್ರಾ ಬರೆಯುವುದು.

ನಿನ್ನ ಕ್ಷೇಮ ಕೇಳುವ ಹಾಗಿಲ್ಲ, ನಮ್ಮದು ಹೇಳುವ ಮನಸ್ಸಿಲ್ಲ. ಅಕ್ಕಾ, ನನಗೆ ಹೇಸಿಗೆ ಬಂದುಬಿಟ್ಟಿದೆ. ಸಿಟ್ಟು ಎಂದು ಬರೆಯಲು ಹೋದೆ, ಇದು ಸಿಟ್ಟಲ್ಲ. ಸಿಟ್ಟಾದರೆ ನಾಲ್ಕು ಪಾತ್ರೆ ಕುಕ್ಕಿ ಕಳೆದುಕೊಳ್ಳಬಹುದು. ಇದು ಊಟಕ್ಕೆ ಕೂತಾಗ ಗಂಟಲಿಗೆ ಬಂದು ಕೂರುತ್ತದೆ. ನೀನು ಹೋದ ಮೇಲೆ ಒಣದ್ರಾಕ್ಷಿಯ ವಾಸನೆಯೇ ನನಗೆ ಆಗುವುದಿಲ್ಲ. ಆದರೂ ದಿನಾ ಮುಂಜಾನೆ ಸಾರವಾಡದಲ್ಲಿ ಅದೇ ಟಂಟಂ ಹತ್ತುತ್ತೇನೆ, ಬಬಲೇಶ್ವರ ದಾಟಿ ಅದೇ ಕಾರ್ಖಾನೆಯ ಮುಂದೆ ಇಳಿಯುತ್ತೇನೆ. ನೀನು ಬೆಲ್ಟಿನ ಮುಂದೆ ನಿಂತು ದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದೆ, ನಾನು ಅದರ ಕೊನೆಯಲ್ಲಿ ಕೂತು ಬಾಕ್ಸ್ ತೂಗುತ್ತಿದ್ದೆ. ಈಗಲೂ ತೂಗುತ್ತೇನೆ. ನಿನ್ನ ಜಾಗದಲ್ಲಿ ಯಾರು ನಿಂತಿದ್ದಾರೆ ಎಂದು ಮೊದಲೇ ಹೇಳಿದರೆ ನೀನು ಮುಂದಿನದನ್ನು ಓದುವುದಿಲ್ಲ. ಅದಕ್ಕೇ ಸ್ವಲ್ಪ ತಡೆದು ಹೇಳುತ್ತೇನೆ.

ನೆಲದ ಮೇಲೆ ಕೂತು ಆರಿಸುತ್ತಿದ್ದ ದಿನಗಳು ನೆನಪಿವೆಯಾ? ತಾಡಪತ್ರಿ ಹಾಸಿ, ರಾಶಿ ಸುರಿದು, ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂತರೆ ನಿಮ್ಮ ಬಾಯಿಗೂ ಬಿಡುವಿರಲಿಲ್ಲ, ಕೈಗೂ ಬಿಡುವಿರಲಿಲ್ಲ. ಸೊಂಟ ನೋಯುತ್ತಿರಲಿಲ್ಲ ಎಂದು ಹೇಳುವುದಿಲ್ಲ. ನೋಯುತ್ತಿತ್ತು. ಆದರೆ ಕಾಲು ಬದಲಿಸಬಹುದಿತ್ತು, ಗೋಡೆಗೆ ಒರಗಬಹುದಿತ್ತು. ಆಮೇಲೆ ಹೊರದೇಶದ ಗಿರಾಕಿ ಬಂದು ನೆಲದ ಮೇಲೆ ಆರಿಸಿದ ಮಾಲು ಬೇಡ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ, ತಿನ್ನುವ ವಸ್ತು ಅದು. ಇನ್ನು ಬೆಲ್ಟ್ ಬರುತ್ತದೆ, ಎಲ್ಲರೂ ನಿಂತು ಕೆಲಸ ಮಾಡಬೇಕು ಎಂದು ಮ್ಯಾನೇಜರ್ ಹೇಳಿದಾಗ ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ನೀನು ಮಾತ್ರ, “ಚೊಲೊನ ಆತ್ ಬಿಡ್ರೆ, ನಿಂತ್ ನಿಂತ್ ಹೊಟ್ಟಿರೆ ಕರಗತೈತಿ” ಎಂದು ಎಲ್ಲರನ್ನೂ ನಗಿಸಿದೆ.

ಬೆಲ್ಟಿಗಿಂತ ಮೊದಲು ಬಂದದ್ದು ಕೈಗವಸು ಮತ್ತು ಏಪ್ರನ್. ಗವಸು ಹಾಕಿಕೊಂಡ ದಿನ ನೀನು ಕೈ ಮೇಲೆತ್ತಿ, ಬೆರಳಿನ ತುದಿಯಲ್ಲಿ ಜೋತುಬಿದ್ದ ಖಾಲಿ ರಬ್ಬರನ್ನು ಅಲ್ಲಾಡಿಸಿ, “ನೋಡ್ರೆ ಬೇ, ನನ್ನ ಬಳ್ಳ ಇನ್ನೊಂದ್ ಗೆಣಿಕಿ ಬೆಳದಾವ” ಎಂದಿದ್ದೆ. ಆ ಖಾಲಿ ತುದಿಯಲ್ಲಿ ಕಡ್ಡಿ ಹಿಡಿಯಲು ಬರುತ್ತಿರಲಿಲ್ಲ. ಏಪ್ರನ್ನು ಮಲ್ಲವ್ವನ ಕಾಲಿಗೆ ತೊಡರಿ ಆಕೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದಳು. ನನ್ನ ಕುರ್ಚಿಯ ಕಥೆಯೂ ಅಷ್ಟೇ. ಕೂತರೆ ಪಾದ ನೆಲಕ್ಕೆ ಮುಟ್ಟುವುದಿಲ್ಲ, ಅದರ ಅಂಚು ತೊಡೆಗೆ ಒತ್ತಿ ಮಧ್ಯಾಹ್ನದ ಹೊತ್ತಿಗೆ ಕಾಲು ಜೋಮು ಹಿಡಿಯುತ್ತದೆ. ಇದೆಲ್ಲ ಯಾರ ಮೈ ನೋಡಿ ಮಾಡಿದ್ದು ಅಕ್ಕಾ? ಕುಬಸದ ತೋಳು ಒಂದು ಬೆರಳು ಬಿಗಿಯಾದರೆ ನೀನು ತಿಕೋಟಾದ ಟೇಲರನ ಮುಂದೆ ನಿಂತು, ಹೊಲಿಗೆ ಬಿಚ್ಚಿಸಿ, ಮತ್ತೆ ಹಾಕಿಸಿಕೊಂಡೇ ಬರುತ್ತಿದ್ದವಳು. ಅದೂ ಬೀಗರ ಮನೆಯ ಲಗ್ನಕ್ಕೆ ಒಂದು ದಿನ ಹಾಕಿಕೊಳ್ಳುವ ಕುಬಸ. ದಿನವೆಲ್ಲ ಮೈಯೊಡ್ಡುವ ಯಂತ್ರದ ಮುಂದೆ ಮಾತ್ರ ನಾವೆಲ್ಲ ಯಾಕೆ ಹಾಗೆ ಬಾಯಿ ಮುಚ್ಚಿಕೊಂಡು...

ಅಳತೆಯವನು ಬಂದ ದಿನ ನೆನಪಾದರೆ ಆಗ ನಕ್ಕಿದ್ದೂ ನೆನಪಾಗುತ್ತದೆ. ಬೆಲ್ಟ್ ಮಾಡಿಕೊಡುವವರ ಕಡೆಯ ಎಂಜಿನಿಯರ್ ಅವನು. ಮಾಲು ಇಳಿಸುವ ಕಡೆ ಗೋಡೆಗೆ ಟೇಪು ಅಂಟಿಸಿ ನಿಂತ. “ಎಲ್ಲಾ ಹೆಣ್ಮಕ್ಕಳ ಎತ್ತರ ತಗೋತಾರ್ರಿ, ಸಾಲ ಹಚ್ಚಿ ನಿಂದರ್ರಿ” ಎಂದ ಮ್ಯಾನೇಜರ್. ಯಾತಕ್ಕೆ ಎಂದು ಹೇಳಲಿಲ್ಲ. ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ನಮ್ಮ ಕಡೆ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯುವುದೆಂದರೆ ಪೊಲೀಸ್ ಭರ್ತಿ, ಇಲ್ಲವೇ ಮಿಲಿಟರಿ ಭರ್ತಿ. ಗಿಡ್ಡ ಇದ್ದವರನ್ನು ಅಲ್ಲಿಂದಲೇ ಮನೆಗೆ ಕಳಿಸುತ್ತಾರೆ. ಕನಮಡಿಯಲ್ಲಿರುವ ನಿನ್ನ ಅಣ್ಣನ ಮಗ ಹಾಗೆ ವಾಪಸು ಬಂದವನೇ ತಾನೆ? ನಿನಗೆ ಆ ಹೊತ್ತಿನಲ್ಲಿ ಅವನೇ ಕಣ್ಣ ಮುಂದೆ ಬಂದಿರಬೇಕು.

“ಅಳತಿ ಅಂದ್ರ ಆರಸೂದ್ ಬೇ,” ಎಂದು ಸಾಲಿನುದ್ದಕ್ಕೂ ಕೇಳುವಂತೆ ಪಿಸುಗುಟ್ಟಿದೆ. “ಮಷಿನ್ ಬಂದ್ರ ಮಂದಿ ಕಡಿಮಿ ಮಾಡ್ತಾರ. ಮೊದಲ ಗಿಡ್ಡ ಇದ್ದಾರನ್ನ ತಗೀತಾರ. ಸೀರಿ ಕೆಳಗ ಇಳಿಸಿ ತುದಿಗಾಲ ಮ್ಯಾಲ ನಿಂದರ್ರಿ.”

ಸಾಲಿನ ಸೀರೆಗಳೆಲ್ಲ ನೆಲಕ್ಕೆ ಇಳಿದವು, ಒಳಗೆ ಹಿಮ್ಮಡಿಗಳೆಲ್ಲ ಮೇಲೆದ್ದವು. ನಾನೂ ಎತ್ತಿದೆ. ಕಸ್ತೂರಿ ತೂಗಾಡಿ ಗೋಡೆ ಹಿಡಿದಳು, ನೀನು ಕಣ್ಣಲ್ಲೇ ಗದರಿಸಿದೆ. ನಿನ್ನ ಸರದಿ ಬಂದಾಗ ನಿನ್ನ ಮುಖ ದೇವರ ಮುಂದೆ ನಿಂತವಳ ಹಾಗೆ ಗಂಭೀರವಾಗಿತ್ತು. ಎಂಜಿನಿಯರ್ ನಮ್ಮ ಪಾದ ನೋಡಲಿಲ್ಲ. ಹೆಂಗಸರ ಕಾಲು ನೋಡಬಾರದೆಂಬ ಮರ್ಯಾದೆಯೋ, ಊಟದ ಹೊತ್ತಾಗಿತ್ತೋ, ತಲೆಯ ಮೇಲೆ ಪಟ್ಟಿ ಇಟ್ಟು ಎತ್ತರ ಬರೆದುಕೊಂಡ, ಅಷ್ಟೇ. ಕೈ ಎಷ್ಟು ಚಾಚುತ್ತದೆ, ಮೊಣಕೈ ನೆಲದಿಂದ ಎಷ್ಟು ಮೇಲಿದೆ, ಅವನಿಗೆ ಏನೂ ಬೇಕಾಗಲಿಲ್ಲ. ಎಲ್ಲ ಕೂಡಿಸಿ ಭಾಗಿಸಿ ಸರಾಸರಿ ತೆಗೆದನಂತೆ. ಆ ಸರಾಸರಿ ಹೆಂಗಸು ನಮ್ಮ ಸಾಲಿನಲ್ಲಿ ಒಬ್ಬಳೂ ಇರಲಿಲ್ಲ. ಸಂಜೆ ಟಂಟಂನಲ್ಲಿ ನೀನು, “ನಿನ್ನ ಗಂಡಗ ಹೇಳ ಸುಮಿ, ಇನ್ನ ಜ್ವಾಳದ ಚೀಲದ ಮರಿಗಿ ನಿಂತ್ರ ವೈನಿ ಕಾಣೂದಿಲ್ಲ ಅನಬ್ಯಾಡಂತ. ಇವತ್ತ ಬೆಳದ್ ಬಂದೇನಿ” ಎಂದೆ. ಎಷ್ಟು ನಕ್ಕೆವು ಆವತ್ತು.

ಬೆಲ್ಟ್ ಬಂದು ನಿಂತಾಗ ಅದು ನಿನ್ನ ಎದೆಗೆ ಬಂತು. ಮೊಣಕೈ ಇಳಿಸುವ ಹಾಗಿಲ್ಲ, ಮುಂಜಾನೆಯಿಂದ ಸಂಜೆಯವರೆಗೆ ರೆಕ್ಕೆ ಎತ್ತಿದ ಕೋಳಿಯ ಹಾಗೆ ನಿಲ್ಲಬೇಕು. ಮನೆಗೆ ಬಂದರೆ ರೊಟ್ಟಿ ಬಡಿಯಲು ನಿನ್ನ ಕೈ ಏಳುತ್ತಿರಲಿಲ್ಲ. ನಿನ್ನ ಮಗಳು ರೇಣವ್ವ ಬಡಿಯುತ್ತಿದ್ದಳು, ನೀನು ಗೋಡೆಗೆ ಒರಗಿ ಉಪ್ಪಿನ ಗಂಟಿನಲ್ಲಿ ಭುಜಕ್ಕೆ ಕಾವು ಕೊಟ್ಟುಕೊಳ್ಳುತ್ತಿದ್ದೆ. ಮುಂಜಾನೆ ತಲೆ ಹಿಕ್ಕಿಕೊಳ್ಳಲೂ ಆಗದೆ ಬಾಚಣಿಗೆ ಹಿಡಿದು ನನ್ನ ಮುಂದೆ ಕೂರುತ್ತಿದ್ದೆ. ಮದುವೆಯಾಗಿ ಬಂದಾಗ ನನಗೆ ಹೆಳಲು ಹಾಕಿದವಳು ನೀನು, ಈಗ ನಿನಗೆ ನಾನು ಹಾಕುತ್ತಿದ್ದೆ. ಅದರಲ್ಲೂ ನನ್ನನ್ನು ಬಿಡುತ್ತಿರಲಿಲ್ಲ. “ಮೆತ್ತಗ ಬೇ, ನಾ ಏನ್ ಎಮ್ಮಿ ಅದೇನೇನು” ಎನ್ನುತ್ತಿದ್ದೆ.

ಒಂದು ದಿನ ನೀನೇ ಮ್ಯಾನೇಜರನ ಕೋಣೆಗೆ ಹೋದೆ, ಜೊತೆಗೆ ನನ್ನನ್ನೂ ಎಳೆದುಕೊಂಡು. “ಸಾಹೇಬ್ರ, ಬೆಲ್ಟ್ ಭಾಳ ಎತ್ತರ ಆಗೈತ್ರಿ. ಸ್ವಲ್ಪ ಇಳಿಸಿ ಕೊಡ್ರಿ, ರಟ್ಟಿ ಬಿದ್ದ ಹೋಗ್ಯಾವ” ಎಂದೆ. ಅವನು ತಲೆ ಎತ್ತಲಿಲ್ಲ. “ನಿಮ್ಮನ್ನ ಅಳದ ಮಾಡಿದ್ದ ಅದು. ಕುಣೀಲಾರದಾಕಿ ಅಂಗಳ ಡೊಂಕ ಅಂದಳಂತ, ಹಂಗಾತಿದು” ಎಂದ. ನೀನು ಏನು ಹೇಳಬಹುದಿತ್ತು? ತುದಿಗಾಲಲ್ಲಿ ನಿಂತಿದ್ದೆವು ಎಂದರೆ ಎಲ್ಲ ಹೆಂಗಸರ ಹೆಸರೂ ಕೆಡುತ್ತದೆ. ನನ್ನ ಕೈ ಹಿಡಿದು ಹೊರಗೆ ಬಂದೆ. ಮರುದಿನ ಅವನೇ ಹಿತ್ತಲಿನಿಂದ ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟುಗಳನ್ನು ತರಿಸಿ ಬೋರಲು ಹಾಕಿಸಿದ. “ಇದರ ಮ್ಯಾಲ ನಿಂದರ್ರಿ. ಹಾಸಿಗಿ ಇದ್ದಷ್ಟ ಕಾಲ ಚಾಚಬೇಕವಾ” ಎಂದ. ಆ ಗಾದೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಆವತ್ತು ಮೊದಲ ಸಲ ಅದರ ಮೇಲೆ ಅಸಹ್ಯ ಬಂತು. ಹಾಸಿಗೆ ಮಾಡಿದವನನ್ನು ಅದು ಏನೂ ಕೇಳುವುದಿಲ್ಲ, ಮಲಗುವವರ ಕಾಲನ್ನೇ ಬೈಯುತ್ತದೆ.

ಕ್ರೇಟ್ ಹತ್ತಿದರೆ ಬೆಲ್ಟ್ ಕೆಳಗಾಗುತ್ತಿತ್ತು, ಇಳಿದರೆ ಮೇಲಾಗುತ್ತಿತ್ತು. ಹತ್ತಿದವರು ಸೊಂಟ ಬಗ್ಗಿಸಬೇಕು, ಇಳಿದವರು ಭುಜ ಎತ್ತಬೇಕು. ನೀನು ಅರ್ಧ ದಿನ ಹತ್ತಿ ಅರ್ಧ ದಿನ ಇಳಿದು ನಿಲ್ಲುತ್ತಿದ್ದೆ. ಆವತ್ತು ಹತ್ತಿದ್ದೆ. ಬೆಲ್ಟಿನ ಆಚೆ ಅಂಚಿಗೆ ಹೋಗುತ್ತಿದ್ದ ಕಡ್ಡಿಗೆ ಕೈ ಚಾಚಿದ್ದನ್ನು ನಾನು ಕುರ್ಚಿಯಿಂದ ನೋಡಿದೆ. ಒಣದ್ರಾಕ್ಷಿಗೆ ಹಚ್ಚುವ ಎಣ್ಣೆ ಬಿದ್ದ ನೆಲ, ಕ್ರೇಟ್ ಜಾರಿತು. ನಿನ್ನ ತಲೆ ಬೆಲ್ಟಿನ ಕಬ್ಬಿಣದ ಕಾಲಿಗೆ ಬಡಿಯಿತು. ವಿಜಯಪುರದ ಆಸ್ಪತ್ರೆಯಲ್ಲಿ ನೀನು ಮತ್ತೆ ಕಣ್ಣು ತೆರೆಯಲೇ ಇಲ್ಲ. ಮ್ಯಾನೇಜರ್ ಅಲ್ಲಿಗೂ ಬಂದ. ನಿನ್ನ ಗಂಡ, ನನ್ನ ಭಾವ, ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದರು. ಅವರ ತಲೆಯ ಮೇಲಿಂದಲೇ ಡಾಕ್ಟರಿಗೆ ಹೇಳಿದ, “ಕ್ರೇಟ್ ಮ್ಯಾಲ ನಿಂದರಬ್ಯಾಡ್ರಿ ಅಂತ ನಾವು ಹೇಳೇ ಇದ್ವಿರಿ. ಈ ಮಂದಿ ಕೇಳೂದಿಲ್ಲ.” ನಾನು ಹೊರಗೆ ನಳದ ಹತ್ತಿರ ಹೋಗಿ ಕಾರಿಕೊಂಡೆ. ಮಾತು ಕೇಳಿ ವಾಂತಿಯಾಗುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ನಿನ್ನನ್ನು ಸಾರವಾಡಕ್ಕೆ ತಂದ ದಿನ ಅಯ್ಯನವರು ಬಂದರು. ನಮ್ಮಲ್ಲಿ ಹೇಗೆ ಮಾಡುತ್ತಾರೆ, ನೀನೇ ಎಷ್ಟು ಮನೆಯಲ್ಲಿ ನೋಡಿದ್ದೀಯ. ನಿನ್ನ ಪಾದಕ್ಕೆ ದಾರ ಹಿಡಿದರು. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ, ಎಳೆಯದೆ, ಸಡಿಲ ಬಿಡದೆ, ನಿಧಾನವಾಗಿ. ಆ ದಾರದ ಅಳತೆಯ ಮೇಲೆಯೇ ಕುಣಿ ತೋಡಿದರು, ಉದ್ದಕ್ಕೆ ಇಷ್ಟು ಪಾದ, ಆಳಕ್ಕೆ ಇಷ್ಟು ಪಾದ ಎಂದು. ನಿನ್ನನ್ನು ಅದರೊಳಗೆ ಕೂರಿಸಿದಾಗ ಮೊಣಕಾಲಿಗೂ ಮಣ್ಣಿಗೂ ನಡುವೆ ಇರಬೇಕಾದಷ್ಟು ಜಾಗವಿತ್ತು, ಬೆನ್ನಿಗೆ ಆಸರೆಯಿತ್ತು, ಭುಜ ಇಳಿಬಿದ್ದಿತ್ತು. ನಾನು ಅಳಬೇಕಿತ್ತು. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಉಸಿರಿರುವಾಗ ಒಬ್ಬರಾದರೂ ನಿನ್ನ ಕಾಲ ಹತ್ತಿರ ಬಗ್ಗಿ ಹೀಗೆ ನೋಡಿದ್ದರೆ... ನಿನ್ನ ಮೈಗೆ ಸರಿಯಾಗಿ ಮಾಡಿದ ಜಾಗ ನಿನಗೆ ಸಿಕ್ಕಿದ್ದು ಮಣ್ಣಿನಲ್ಲಿ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸವನ್ನೂ ಮಾಡಿದರು. ಬೆಲ್ಟಿನ ಎದುರಿನ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದರು, ‘ಕ್ರೇಟ್ ಮೇಲೆ ನಿಲ್ಲುವುದನ್ನು ನಿಷೇಧಿಸಿದೆ’ ಎಂದು. ಅದರ ಕೆಳಗೇ ಕ್ರೇಟುಗಳು ಹಾಗೇ ಇದ್ದವು, ಹೆಂಗಸರು ಹಾಗೇ ನಿಂತಿದ್ದರು. ಬೆಲ್ಟ್ ಇಳಿದಿರಲಿಲ್ಲವಲ್ಲ. ಬಾಗಿಲಲ್ಲಿ ನಿನ್ನ ಫೋಟೋದ ಬ್ಯಾನರ್ ಕಟ್ಟಿದರು, ಕಾರ್ಖಾನೆಯ ಹೆಸರು ನಿನ್ನ ಹೆಸರಿಗಿಂತ ದೊಡ್ಡದು. ಕಂಬದಿಂದ ಕಂಬಕ್ಕೆ ಒಂದಿಷ್ಟೂ ಸುಕ್ಕಿಲ್ಲದೆ ಸರಿಯಾಗಿ ಕೂತಿತ್ತು. ಬ್ಯಾನರಿಗಾದರೆ ಅಳತೆ ತಪ್ಪಿರಲಿಲ್ಲ ಅವರಿಗೆ.

ಈಗ ತಡೆದಿಟ್ಟ ಮಾತು. ನಿನ್ನ ಜಾಗದಲ್ಲಿ ನಿಂತವಳು ರೇಣವ್ವ. ಬಿ.ಎ. ಮುಗಿಸಿ ಬೇರೆ ಕಡೆ ಅರ್ಜಿ ಹಾಕುತ್ತಿದ್ದ ಹುಡುಗಿಯನ್ನು ಮಾಲೀಕನೇ ಕರೆಸಿ, “ಅವ್ವನ ಜಾಗಾ ಮಗಳಿಗೇ ಕೊಟ್ಟೇವ್ರಿ, ನಮಗ ಮನಸಾಕ್ಷಿ ಐತಿ” ಎಂದು ನಾಲ್ಕು ಜನರ ಮುಂದೆ ಹೇಳಿದ. ಯಾವ ಜಾಗ ಕೊಟ್ಟದ್ದು, ಅವ್ವ ಬಿದ್ದ ಜಾಗವೇ? ಭಾವ ಬೇಡವೆಂದರು, ನಾನೂ ಬೇಡವೆಂದೆ, ಆಕೆ ಕೇಳಲಿಲ್ಲ. ನಿನ್ನ ಮಗಳಲ್ಲವೇ. ನಿನ್ನಷ್ಟೇ ಎತ್ತರ, ನಿನ್ನ ಕುಬಸ ಆಕೆಗೆ ಹಾಗೇ ಆಗುತ್ತದೆ. ಮೊದಲ ದಿನ ಆ ಕ್ರೇಟ್ ಹತ್ತಿದಾಗ ನಾನು ತೂಕದ ಕಡೆ ಮುಖ ತಿರುಗಿಸಿ ಕೂತೆ.

ಹೋದ ತಿಂಗಳು ಅದೇ ಎಂಜಿನಿಯರ್ ಮತ್ತೆ ಬಂದ, ಅದೇ ಗೋಡೆಗೆ ಟೇಪು ಅಂಟಿಸಿದ. ಹೊಸ ಅಳತೆ ಬೇಕಂತೆ, ಯಾಕೆಂದು ಈ ಸಲವೂ ಯಾರೂ ಹೇಳಲಿಲ್ಲ. ರೇಣವ್ವ ಚೂಡಿದಾರ ಹಾಕಿದ್ದಳು, ಅದರಲ್ಲಿ ಪಾದ ಮುಚ್ಚುವುದಿಲ್ಲ. ಅವಳು ಗೋಡೆಗೆ ಬೆನ್ನು ಹಚ್ಚಿದಾಗ ಎರಡೂ ಹಿಮ್ಮಡಿ ಮೆಲ್ಲಗೆ ಮೇಲೇಳುವುದನ್ನು ನಾನು ನೋಡಿದೆ. ಯಾರೂ ಕಲಿಸಿರಲಿಲ್ಲ ಅಕ್ಕಾ. ನೀನೂ ಕಲಿಸಿರಲಿಲ್ಲ, ನಾನೂ ಹೇಳಿರಲಿಲ್ಲ. ಹೆದರಿಕೆಗೆ ಕಲಿಸುವವರು ಬೇಕಾಗುವುದಿಲ್ಲವೇನೋ.

“ರೇಣವ್ವ, ಹಿಂಬಡ ಊರು” ಎಂದೆ.

“ಸುಮ್ಕಿರ ಚಿಗವ್ವ. ಗಿಡ್ಡ ಅದಾಳ ಅಂತ ತಗದ್ರ ಏನ್ ಮಾಡ್ಲಿ? ಅವ್ವನ ಜಾಗಾ ಅದು.”

ಹೋದ ಸಲದ ತುದಿಗಾಲಿನ ಸಂಗತಿ ಹೇಳಿದರೆ ತಪ್ಪೆಲ್ಲ ನಿನ್ನ ತಲೆಯ ಮೇಲೆ ಬರುತ್ತದೆ. ಹೇಳದಿದ್ದರೆ ಮತ್ತೆ ಅದೇ ಎತ್ತರದ ಬೆಲ್ಟ್, ಮತ್ತೆ ಅದೇ ಕ್ರೇಟ್, ಅದರ ಮೇಲೆ ಈ ಹುಡುಗಿ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ನಾನು ಮ್ಯಾನೇಜರನ ಕಡೆ ತಿರುಗಿದೆ.

“ಸಾಹೇಬ್ರ, ಹೋದ ಸಲದ ಅಳತಿ ಖರೇ ಅಲ್ರಿ. ನಾವೆಲ್ಲಾರೂ ತುದಿಗಾಲ ಮ್ಯಾಲ ನಿಂತಿದ್ವಿ.”

ಅವನ ಮುಖ ನೀನು ನೋಡಬೇಕಿತ್ತು. ಸಿಟ್ಟು ಬರಲಿಲ್ಲ ಅವನಿಗೆ, ನಾಚಿಕೆಯೂ ಬರಲಿಲ್ಲ. ಸಮಾಧಾನವಾಯಿತು. ಹೊಟ್ಟೆ ತುಂಬಿದವನ ಹಾಗೆ ಕುರ್ಚಿಗೆ ಒರಗಿ ನಗುತ್ತಾ, “ಹಂಗಂದ್ರ ತಪ್ಪ ನಿಮ್ದ ಆತಲ್ಲ” ಎಂದ. ಆ ನಗು ಇನ್ನೂ ನನ್ನ ಕಣ್ಣಿನಿಂದ ಹೋಗಿಲ್ಲ.

“ಅಳತಿ ಯಾತಕ್ಕಂತ ಒಂದ್ ಮಾತ ಹೇಳಿದ್ರ ಯಾರ್ ಹಂಗ ನಿಲ್ತಿದ್ರು?” ಎಂದೆ. “ಗೌರಕ್ಕ ಬಂದು ಎತ್ತರ ಆಗೈತ್ರಿ ಅಂದಾಗ ಇನ್ನೊಮ್ಮಿ ಯಾಕ ಅಳೀಲಿಲ್ಲ? ಕ್ರೇಟ್ ತರಿಸಿದಾರ ಯಾರ್ರಿ? ನಿಂದರಬ್ಯಾಡಂತ ಯಾವತ್ ಹೇಳಿದ್ರಿ? ಆಕಿನ ಜೋಡಿ ನಿಮ್ಮ ರೂಮಿಗೆ ಬಂದಾಕಿ ನಾ ಅದೇನಿ.”

ಎಂಜಿನಿಯರ್ ಟೇಪನ್ನು ನೋಡುತ್ತಾ ನಿಂತಿದ್ದ. “ಮೊಣಕೈ ಎತ್ತರಾನೂ ತಗೋಬೇಕಿತ್ತು ಮೇಡಂ, ಅದೇ ಮುಖ್ಯ. ಆವತ್ತು ಟೈಮ್ ಇರಲಿಲ್ಲ” ಎಂದ. ಕೇಳಿದೆಯಾ? ಅವನಿಗೆ ಗೊತ್ತಿತ್ತು. ಓದಿದ್ದ, ಗೊತ್ತಿತ್ತು, ಟೈಮ್ ಇರಲಿಲ್ಲ. ಗೊತ್ತಿಲ್ಲದವನನ್ನು ಬೈದು ಬಿಡಬಹುದು, ಇಂಥವನ ಮುಂದೆ ಏನು ಮಾಡುವುದು? ಅಷ್ಟರಲ್ಲಿ ಮಲ್ಲವ್ವ ಮುಂದೆ ಬಂದಳು. ಚಪ್ಪಲಿ ಬಿಟ್ಟು, ಸೀರೆಯನ್ನು ಮೀನಗಂಡದವರೆಗೆ ಎತ್ತಿ, ಬಿರುಕು ಬಿಟ್ಟ ಹಿಮ್ಮಡಿ ಎರಡನ್ನೂ ಸಿಮೆಂಟಿನ ಮೇಲೆ ಊರಿ, “ಕಾಲ ನೋಡಿ ಅಳಿ ತಮ್ಮಾ ಈಗ” ಎಂದಳು. ಅವಳ ಹಿಂದೆ ಕಸ್ತೂರಿ. ಅವಳ ಹಿಂದೆ ಉಳಿದವರು. ಕೊನೆಗೆ ನಿನ್ನ ಮಗಳು ಬಂದು ನಿಂತಳು. ಎಲ್ಲರ ಮೊಣಕೈ ಎತ್ತರವೂ ಟೇಪಿಗೆ ಬಂತು.

ಇಷ್ಟಾದರೂ ಮ್ಯಾನೇಜರ್ ಹೇಳಿದ್ದೇನು ಗೊತ್ತೇ? “ಹೊಸಾ ಬೆಲ್ಟ್ ಮುಂದಿನ ಸೀಜನ್ನಿಗೆ ನೋಡೂಣು. ಅಲ್ಲೀತನಾ ಕ್ರೇಟ್ ಹುಷಾರಿಲೆ ಬಳಸ್ರಿ.” ಆ ಕೆಂಪು ಅಕ್ಷರಗಳ ಕೆಳಗೆ ನಿಂತೇ ಹೇಳಿದ. ಮರುದಿನ ಮುಂಜಾನೆ ಹೆಂಗಸರು ಕ್ರೇಟುಗಳನ್ನೆಲ್ಲ ಹೊರಗೆ ಎಸೆದು, ನೆಲದ ಮೇಲೆ ಪಾದ ಊರಿ, ಭುಜ ಎತ್ತದೆ ನಿಂತರು. ಕೈಗೆ ನಿಲುಕಿದ್ದನ್ನು ಆರಿಸಿದರು, ನಿಲುಕದ್ದನ್ನು ಬಿಟ್ಟರು. ಜಗಳವಿಲ್ಲ, ಕೂಗಾಟವಿಲ್ಲ. ಬೆಲ್ಟಿನ ಆಚೆ ಅಂಚಿನ ಕಡ್ಡಿಯೆಲ್ಲ ಸಾಲಾಗಿ ನನ್ನ ಬಾಕ್ಸಿಗೆ ಬಂದು ಬಿತ್ತು, ನಾನು ತೂಗಿ ಮುಚ್ಚಿ ಕಳಿಸಿದೆ. ಮ್ಯಾನೇಜರ್ ಬಾಯಿ ಮಾಡಿದರೆ ರೇಣವ್ವ, “ಕೈ ಎಲ್ಲೀತನಾ ಹೋಗತೈತಿ, ಅಲ್ಲೀತನಾ ಆರಿಸೇವ್ರಿ” ಎಂದು ಒಂದೇ ಮಾತು ಹೇಳುತ್ತಿದ್ದಳು. ಗಿರಾಕಿ ಮಾಲು ತಿರುಗಿಸಿ ಕಳಿಸಿದ. ನೀನು ಬಿದ್ದಾಗ ಒಳಗೆ ಕಾಲಿಡದ ಮಾಲೀಕ ಆವತ್ತು ಬೆಲ್ಟಿನವರೆಗೆ ಬಂದು ನಿಂತ.

ನಿನ್ನೆ ಬಬಲೇಶ್ವರದಿಂದ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದರು. ಹೊಸ ಬೆಲ್ಟ್ ಬೇಕಾಗಲಿಲ್ಲ, ಮುಂದಿನ ಸೀಜನ್ನೂ ಬೇಕಾಗಲಿಲ್ಲ. ಕೆಳಗೆ ಜಾಕ್ ಕೊಟ್ಟು, ಕಬ್ಬಿಣದ ಕಾಲುಗಳನ್ನು ಕಟರ್ ಹಿಡಿದು ಕತ್ತರಿಸಿ, ಮತ್ತೆ ಪಟ್ಟಿ ಬೆಸೆದ. ನಡುವೆ ಒಂದು ಸಲ ಚಹಾ ಕುಡಿದ. ಊಟದ ಹೊತ್ತಿಗೆ ಮುಗಿಯಿತು. ಮಧ್ಯಾಹ್ನ ರೇಣವ್ವ ಅದರ ಮುಂದೆ ನಿಂತಳು, ಭುಜ ಇಳಿಬಿಟ್ಟು, ಹಿಮ್ಮಡಿ ಊರಿ. ಕೈ ಆಚೆ ಅಂಚಿನವರೆಗೆ ಹೋಯಿತು. ಅವಳು ಅಲ್ಲಿರುವಷ್ಟು ದಿನ ಯಾವುದರ ಮೇಲೂ ಹತ್ತಿ ನಿಲ್ಲಲು ನಾನು ಬಿಡುವುದಿಲ್ಲ, ಇದನ್ನು ನಿನಗೆ ಮಾತು ಕೊಟ್ಟು ಬರೆಯುತ್ತಿದ್ದೇನೆ.

ಎಲ್ಲರೂ ಊಟಕ್ಕೆ ಹೋದಾಗ ನಾನು ಕತ್ತರಿಸಿ ಬಿದ್ದ ತುಂಡೊಂದನ್ನು ಎತ್ತಿಕೊಂಡೆ. ಇನ್ನೂ ಬಿಸಿಯಿತ್ತು. ಅಂಗೈ ಮೇಲೆ ಇಟ್ಟು ನೋಡಿದೆ. ಅಂಗೈ ದಾಟಿ ಹೊರಗೆ ಬರಲಿಲ್ಲ ಅದು, ಅಕ್ಕಾ. ಅಷ್ಟೇ ಹೆಚ್ಚಿಗೆ ಇತ್ತು.

ನಿನ್ನ
ಸುಮಿತ್ರಾ